ಆರೂವರೆಯ ಸುದ್ದಿ

“ಈ ವಾರ ಟಿವಿ ಬೇಡ ಅನ್ನೋರು ಕೈ ಎತ್ತಿ,” ಎಂದು ಹೇಳಿ ಅಪ್ಪ ತಾನೇ ಮೊದಲು ಕೈ ಎತ್ತಿದ. ಆ ಕೈ ಅವರ ಗಾಲಿಮನೆ ಕ್ಯಾರವಾನಿನ ಸೂರಿಗೆ ತಗುಲಿತು.

ಅಮ್ಮ ಓದುತ್ತಿದ್ದ ಕಾದಂಬರಿಯಿಂದ ತಲೆ ಎತ್ತಲಿಲ್ಲ, ಕೈ ಮಾತ್ರ ಎತ್ತಿದಳು. ಇನ್ನು ಉಳಿದವರು ಮಕ್ಕಳಿಬ್ಬರು. ಡೀನ್‌ಗೆ ಏಳು ವರ್ಷ. ಅವನು ಅಕ್ಕ ಲೋರ್ನಾಳ ಮುಖ ನೋಡಿದ, ಅಪ್ಪನ ಮುಖ ನೋಡಿದ. ಆಮೇಲೆ ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಏಡಿ ಹಿಡಿಯುವ ಹೊಸ ದಾರ ನೋಡಿ ತಟ್ಟನೆ ಕೈ ಎತ್ತಿಬಿಟ್ಟ.

“ಇದು ಲಂಚ,” ಎಂದಳು ಲೋರ್ನಾ.

“ಇದು ಚುನಾವಣೆ ಕಣೇ,” ಎಂದ ಅಪ್ಪ. “ಮೂರು ಓಟು ಈ ಕಡೆ, ಒಂದು ಆ ಕಡೆ. ಟಿವಿ ಸೀಟಿನ ಕೆಳಗೇ ಇರಲಿ.”

ಪ್ರತಿ ಆಗಸ್ಟ್‌ನಲ್ಲೂ ಇದು ನಡೆಯುತ್ತಿತ್ತು. ಮಳೆ ಹಿಡಿದುಕೊಂಡರೆ ಇರಲಿ ಎಂದು ಅಮ್ಮ ಪುಟ್ಟ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಕ್ಯಾರವಾನಿಗೆ ಹಾಕುತ್ತಿದ್ದಳು. ಇಂಗ್ಲೆಂಡಿನ ಡಡ್ಲಿಯ ಮನೆಯಿಂದ ಹೊರಟು, ವೇಲ್ಸ್‌ನ ಸಮುದ್ರದ ಪಕ್ಕದ ಹುಲ್ಲುಗಾವಲಿಗೆ ಬಂದು, ಕ್ಯಾರವಾನ್ ನಿಲ್ಲಿಸಿ, ಮೊದಲ ಟೀ ಕುಡಿದ ಕೂಡಲೇ ಓಟು. ಹೋದ ವರ್ಷ ಟಿವಿ ಗೆದ್ದಿತ್ತು. ವಾರವಿಡೀ ನಾಲ್ವರೂ ಅದರ ಮುಂದೆ ಕೂತು, ಸಮುದ್ರಕ್ಕೆ ಎರಡೇ ಸಲ ಹೋಗಿ, ಮನೆಗೆ ವಾಪಸು ಬಂದಿದ್ದರು.

“ಮನೇಲಿ ನೋಡೋ ಟಿವೀನ ನೂರು ಮೈಲಿ ಎಳ್ಕೊಂಡು ಬಂದು ನೋಡ್ಬೇಕಾ?” ಎಂದು ಅಪ್ಪ ಆವತ್ತಿನಿಂದ ಹೇಳುತ್ತಲೇ ಇದ್ದ. ಅವನ ಕಷ್ಟವೂ ಸುಳ್ಳಲ್ಲ. ಟಿವಿ ರಿಪೇರಿ ಮಾಡುವುದೇ ಅವನ ಕೆಲಸ. ಊರಿನಲ್ಲಿ ಯಾರ ಮನೆಯ ಟಿವಿ ಕೆಟ್ಟರೂ ಫೋನು ಬರುವುದು ಅವನಿಗೆ. ವರ್ಷಕ್ಕೆ ಒಂದು ವಾರವಾದರೂ ಅದರ ಮುಖ ನೋಡದೆ ಇರೋಣ ಎಂದು ಅವನಿಗೆ ಆಸೆ.

ಆದರೆ ಲೋರ್ನಾಗೆ ಗುರುವಾರ ಟಿವಿ ಬೇಕೇ ಬೇಕಿತ್ತು. ಗುರುವಾರ ಸಂಜೆ ಆರೂವರೆಯ ಸುದ್ದಿಯಲ್ಲಿ ಅವಳ ಶಾಲೆ ಬರುವುದಿತ್ತು.

ಅದು ಹೀಗಾಯಿತು. ಮಾರ್ಚ್‌ನಲ್ಲಿ ಅಪ್ಪ ಒಂದು ದೊಡ್ಡ ಹಳೇ ಟಿವಿಯನ್ನು ಎಷ್ಟು ತಿಣುಕಿದರೂ ರಿಪೇರಿ ಮಾಡಲಾಗದೆ, ಒಳಗಿನದನ್ನೆಲ್ಲ ಕಿತ್ತು, ಬರೀ ಮರದ ಪೆಟ್ಟಿಗೆಯನ್ನು ಲೋರ್ನಾಳ ಕ್ಲಾಸಿಗೆ ಕೊಟ್ಟಿದ್ದ. ಮಕ್ಕಳು ಅದರೊಳಗೆ ಬೊಂಬೆಯಾಟ ಶುರು ಮಾಡಿದರು. ಅಪ್ಪನ ಹಳೇ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು, ಕಾಗದದ ಟೈ ಕಟ್ಟಿ, ವಾರ್ತೆ ಓದುವವನನ್ನು ಮಾಡಿದರು. ಅವನ ಕೈಯೂ ಲೋರ್ನಾಳದೇ, ಗಂಟಲೂ ಲೋರ್ನಾಳದೇ. “ಇಂದಿನ ಮುಖ್ಯಾಂಶಗಳು. ಊಟದ ಕಸ್ಟರ್ಡ್‌ನಲ್ಲಿ ಮತ್ತೆ ಗಂಟು. ಅಡುಗೆಮನೆಯವರು ಏನೂ ಹೇಳಲು ಒಪ್ಪಲಿಲ್ಲ,” ಎಂದು ಕಾಲುಚೀಲ ಗಂಭೀರವಾಗಿ ಓದುತ್ತಿದ್ದರೆ ಹೆಡ್‌ಮಾಸ್ಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸುದ್ದಿ ಹೇಗೋ ನಿಜವಾದ ಟಿವಿಯವರಿಗೆ ಮುಟ್ಟಿ, ರಜೆಗೆ ಮುಂಚೆ ಅವರು ಕ್ಯಾಮೆರಾ ತಂದು ಚಿತ್ರೀಕರಿಸಿಕೊಂಡು, ಈ ಗುರುವಾರ ತೋರಿಸುವುದಾಗಿ ಹೇಳಿ ಹೋದರು.

ಟಿವಿಯವರು ಬರುವುದಕ್ಕೂ ಮೊದಲು, ಶಾಲೆಯಲ್ಲಿ ಆಟ ತೋರಿಸಿದ ದಿನ ಎಲ್ಲರ ಅಪ್ಪ ಅಮ್ಮಂದಿರೂ ಬಂದಿದ್ದರು. ಲೋರ್ನಾಳ ಅಪ್ಪ ಮಾತ್ರ ಬರಲಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಯಾರದೋ ಟಿವಿ ಹೊಗೆಯಾಡಿತ್ತು. ಆಮೇಲೆ ಒಂದು ದಿನ “ಹೇಗಾಯ್ತು ಆಟ?” ಎಂದು ಕೇಳಿದ. “ಚೆನ್ನಾಗಾಯ್ತು,” ಎಂದಳು ಲೋರ್ನಾ. ಅಲ್ಲಿಗೆ ಮಾತು ಮುಗಿಯಿತು. ಅವಳಿಗೆ ಹೊಟ್ಟೆಯೊಳಗೆ ಸಿಟ್ಟಿತ್ತು. ಟಿವಿಯವರು ಬಂದದ್ದನ್ನು ಅವಳು ಮನೆಯಲ್ಲಿ ಬಾಯಿಬಿಡಲೇ ಇಲ್ಲ. ಗುರುವಾರ ಆರೂವರೆಗೆ ಅಪ್ಪ ಟಿವಿ ಮುಂದೆ ಸುಮ್ಮನೆ ಕೂತಿರಬೇಕು, ಇದ್ದಕ್ಕಿದ್ದ ಹಾಗೆ ಅವನ ಪೆಟ್ಟಿಗೆ ಕಾಣಿಸಬೇಕು, ಅವನು ಬೆಪ್ಪಾಗಬೇಕು. ಅದು ಅವಳ ಲೆಕ್ಕ. ಮೊದಲೇ ಹೇಳಿಬಿಟ್ಟರೆ ದಮ್ಮಯ್ಯ ನೋಡು ಅಂತ ಬೇಡಿಕೊಂಡ ಹಾಗಾಗುತ್ತಿತ್ತು.

ಓಟಿನಲ್ಲಿ ಸೋತ ಮೇಲೆ ದಾರಿ ಉಳಿದದ್ದು ಒಂದೇ. ಗುರುವಾರ ಬೆಳಗ್ಗೆ ಪಾತ್ರೆ ತೊಳೆಯುವಾಗ ಅವಳು ಅಮ್ಮನ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು.

“ಅಯ್ಯೋ ಹುಡುಗಿ, ಇದನ್ನ ಅಪ್ಪನಿಗೇ ಹೇಳಬಾರದಾ?”

“ಹೇಳಲ್ಲ. ನೀನೂ ಹೇಳಬೇಡ.”

ಅಮ್ಮ ಕೈ ಒರೆಸಿಕೊಂಡಳು. “ಸರಿ. ನನ್ನ ಓಟು ನಿಂಗೆ. ಡೀನ್‌ದು ನೀನೇ ನೋಡ್ಕೋ.”

ಡೀನ್ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. ಏಡಿಯ ದಾರ ಆಗಲೇ ಬಂಡೆಗೆ ಸಿಕ್ಕಿ ಕಿತ್ತುಹೋಗಿತ್ತು, ಹಾಗಾಗಿ ಅಪ್ಪನ ಋಣ ಮುಗಿದಿತ್ತು. ಆದರೂ ಅವನು ಲೋರ್ನಾ ಮಲಗುವ ಮೇಲಿನ ಹಲಗೆ ಕೇಳಿದ.

“ಒಂದು ರಾತ್ರಿ,” ಎಂದಳು ಲೋರ್ನಾ.

“ವಾಪಸು ಹೋಗೋ ತನಕ.”

“ನಿನಗೆ ಮೇಲಿಂದ ಬೀಳೋ ಭಯ ಇಲ್ವಾ?”

“ಬಿದ್ದರೆ ನಿನ್ನ ಮೇಲೇ ಬೀಳ್ತೀನಿ.”

ಬೇರೆ ದಾರಿಯಿಲ್ಲದೆ ಅವಳು ಒಪ್ಪಿದಳು.

ಸಂಜೆ ಆರಕ್ಕೆ ಮತ್ತೆ ಓಟು. ಮಳೆ ಜೋರಾಗಿ ಸುರಿಯುತ್ತಿತ್ತು. ಮೂರು ಕೈಗಳು ಒಟ್ಟಿಗೇ ಮೇಲೆದ್ದದ್ದು ನೋಡಿ ಅಪ್ಪ ಗಲ್ಲ ಕೆರೆದುಕೊಂಡ. “ಸರ್ಕಾರ ಬಿತ್ತು,” ಎಂದ. “ಏನಿದೆ ಅಂಥದ್ದು ಇವತ್ತು?”

“ಸುದ್ದಿ,” ಎಂದಳು ಲೋರ್ನಾ.

“ಹತ್ತು ವರ್ಷದ ಹುಡುಗಿಗೆ ಸುದ್ದಿ ಬೇಕಂತೆ,” ಎಂದ ಅಪ್ಪ ಅಮ್ಮನಿಗೆ. ಅಮ್ಮ ಕಾದಂಬರಿಯಲ್ಲಿ ಮುಖ ಮುಚ್ಚಿಕೊಂಡಳು.

ಸೋತರೂ ಅಪ್ಪ ಮುಖ ಗಂಟಿಕ್ಕಲಿಲ್ಲ. ಮಳೆಯಂಗಿ ಹಾಕಿಕೊಂಡು ಹೊರಗೆ ಹೋಗಿ, ಕ್ಯಾರವಾನಿನ ಮುಂದಿನ ಕಂಬಿಗೆ ಆಂಟೆನಾದ ಕೋಲು ಬಿಗಿದ. ಪಕ್ಕದ ಕ್ಯಾರವಾನುಗಳ ಆಂಟೆನಾಗಳು ಯಾವ ಕಡೆಗಿವೆ ಎಂದು ನೋಡಿ ತನ್ನದನ್ನೂ ಆ ಕಡೆಗೇ ತಿರುಗಿಸಿದ. ಒಳಗೆ ಬಂದು ಆಂಟೆನಾದ ವೈರನ್ನು ಟಿವಿಗೂ ಟಿವಿಯ ವೈರನ್ನು ಬ್ಯಾಟರಿಗೂ ಸಿಕ್ಕಿಸಿದ. ಐದೇ ನಿಮಿಷಕ್ಕೆ ಚಿತ್ರ ಕನ್ನಡಿಯ ಹಾಗೆ ಬಂತು.

ಆರೂವರೆ ಆಯಿತು. ಲೋರ್ನಾ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ನೀಲಿ ಕೋಟಿನ ಹೆಂಗಸೊಬ್ಬಳು ಕಾಣಿಸಿಕೊಂಡು ಕುರಿ ಸಂತೆಯ ವಿಷಯ ಹೇಳಿದಳು. ಆಮೇಲೆ ಯಾವುದೋ ಬಂದರಿನ ಹೊಸ ದೋಣಿ. ಆಮೇಲೆ ಕಾರ್ಡಿಫ್‌ನ ರಸ್ತೆ.

“ಇದು ನಮ್ಮ ಸುದ್ದಿ ಅಲ್ಲ,” ಎಂದಳು ಲೋರ್ನಾ.

“ಹೌದಲ್ಲ, ಇದು ವೇಲ್ಸ್‌ನವರದು,” ಎಂದ ಅಪ್ಪ. “ಆರೂವರೆಗೆ ಒಂದೊಂದು ಸೀಮೆಗೆ ಒಂದೊಂದು ಸುದ್ದಿ. ಈ ಕಡೆ ಬಂದ ಮೇಲೆ ಈ ಕಡೆಯದೇ ಸಿಗೋದು. ದಿನಾ ಜನಕ್ಕೆ ಹೇಳೋನು ನಾನೇ, ನನಗೇ ಹೊಳೀಲಿಲ್ಲ ನೋಡು. ಯಾಕೆ, ಏನಾಗ್ಬೇಕಿತ್ತು?”

ಲೋರ್ನಾ ಉತ್ತರ ಕೊಡಲು ಬಾಯಿ ತೆರೆದಳು. ಉತ್ತರಕ್ಕೆ ಮೊದಲು ಅಳು ಬಂತು.

“ನಮ್ಮ ಸ್ಕೂಲು,” ಎಂದಳು ಬಿಕ್ಕುತ್ತಾ. “ನಿನ್ನ ಪೆಟ್ಟಿಗೆ. ಕಾಲುಚೀಲದ ವಾರ್ತೆ. ನೀನು ಅವತ್ತು ಬರಲೇ ಇಲ್ಲ. ಇದಾದ್ರೂ ನೋಡ್ಲಿ ಅಂತ ನಾನು ಮೇಲಿನ ಹಲಗೆ ಕೊಟ್ಟೆ.”

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಹೌದೆಂದು ತಲೆಯಾಡಿಸಿದಳು. ಅವನು ಇನ್ನೊಂದು ಮಾತಾಡದೆ ಮಳೆಯಂಗಿ ಎತ್ತಿಕೊಂಡ.

ಬಾಗಿಲ ಹೊರಗೆ ಹುಲ್ಲುಗಾವಲಿನ ಒಡತಿ ಮಿಸೆಸ್ ಪ್ಯೂ ಮೊಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಅಪ್ಪ ಕೋಲು ಬಿಚ್ಚುವುದನ್ನು ನೋಡಿ, “ಏನಪ್ಪಾ, ನಮ್ಮ ಟಿವಿ ರುಚಿಸಲಿಲ್ವಾ?” ಎಂದು ಕೇಳಿದಳು.

“ಇಂಗ್ಲೆಂಡಿನ ಸುದ್ದಿ ಬೇಕಿತ್ತು. ನಮ್ಮ ಹುಡುಗಿ ಬರ್ತಾಳೆ ಅದರಲ್ಲಿ.”

“ಇಲ್ಲಿ ಅದು ಯಾರಿಗೆ ಬೇಕು ಹೇಳು,” ಎಂದಳು ಮಿಸೆಸ್ ಪ್ಯೂ. ಆದರೂ ಬುಟ್ಟಿಯಿಲ್ಲದ ಕೈಯಿಂದ ದೂರಕ್ಕೆ ತೋರಿಸಿದಳು. “ಆ ಎರಡು ಗುಡ್ಡದ ಸಂದಿ ಇದೆಯಲ್ಲ, ನನ್ನ ತಮ್ಮ ಆಂಟೆನಾನ ಆ ಕಡೆ ತಿರುಗಿಸಿಟ್ಟಿದ್ದಾನೆ. ಇಂಗ್ಲೆಂಡಿನ ಫುಟ್ಬಾಲ್ ನೋಡೋಕೆ. ಎತ್ತರಕ್ಕೆ ಹಿಡಿದರೆ ಬರಬಹುದು.”

ಅಪ್ಪ ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ವೈರು ಗಿಡ್ಡವಾಗಿದ್ದರಿಂದ ಕ್ಯಾರವಾನಿನ ಮುಂದಿನ ಕಿಟಕಿಯ ಎದುರಿಗೇ ನಿಲ್ಲಬೇಕಾಯಿತು. ಒಳಗೆ ಅಮ್ಮ ಟಿವಿಯ ಗುಂಡಿ ತಿರುಗಿಸುತ್ತಾ ಹೋದಳು.

“ಬಂತಾ?” ಎಂದು ಅಪ್ಪ ಕೂಗಿದ.

“ಇಲ್ಲ.”

“ಈಗ?”

“ಬರೀ ಚುಕ್ಕೆ,” ಎಂದು ಡೀನ್ ಕೂಗಿದ.

ಅಪ್ಪ ಇನ್ನಷ್ಟು ಎತ್ತಿದ. ಮಳೆನೀರು ಅವನ ತೋಳಿನೊಳಕ್ಕೆ ಇಳಿಯುತ್ತಿತ್ತು. ಒಮ್ಮೆಗೇ ಚುಕ್ಕೆಗಳು ಒಂದಾಗಿ, ಊರಿನಲ್ಲಿ ದಿನಾ ನೋಡುವ ಬೋಳು ತಲೆಯ ವಾರ್ತೆಯವರು ಕಂಡರು.

“ಬಂತು!” ಎಂದಳು ಅಮ್ಮ. ಅಪ್ಪ ಕೈ ಇಳಿಸಿದ. ವಾರ್ತೆಯವರು ಮಾಯ.

“ಇಳಿಸಬೇಡಿ, ಹಾಗೇ ಹಿಡ್ಕೊಳ್ಳಿ.”

“ಎಷ್ಟು ಹೊತ್ತು?”

“ಮುಗಿಯೋ ತನಕ.”

ಅಪ್ಪ ಮತ್ತೆ ಎತ್ತಿ ಹಿಡಿದು ಕಲ್ಲಿನಂತೆ ನಿಂತ. ವಾರ್ತೆಯವರು ಮರಳಿ ಬಂದರು. ಹವಾಮಾನ ಹೇಳಿದರು. ಆಮೇಲೆ ನಗುತ್ತಾ, “ಕೊನೆಯದಾಗಿ, ನನ್ನ ಕೆಲಸಕ್ಕೆ ಕಣ್ಣು ಹಾಕಿರುವ ಒಂದು ಕಾಲುಚೀಲ,” ಎಂದರು.

ಲೋರ್ನಾಳ ಶಾಲೆಯ ಗೇಟು ಕಂಡಿತು. ಇನ್ನೊಂದು ಗಳಿಗೆಗೆ ಅವಳೇ ಬರುತ್ತಾಳೆ. ಕಿಟಕಿಯಾಚೆ ಅಪ್ಪ ಕಾಣುತ್ತಿದ್ದ. ಟಿವಿಯ ಮುಖ ಒಳಗಡೆಗಿತ್ತು. ಎಲ್ಲರೂ ನೋಡಬಹುದು, ಡೀನ್ ನೋಡಬಹುದು, ಬಾಗಿಲಲ್ಲಿ ನಿಂತ ಮಿಸೆಸ್ ಪ್ಯೂ ಕೂಡ ನೋಡಬಹುದು. ಅಪ್ಪ ಒಬ್ಬನಿಗೆ ಏನೂ ಕಾಣುವುದಿಲ್ಲ. ಅವನು ಅಲ್ಲಿಂದ ಕದಲಿದರೆ ಯಾರಿಗೂ ಕಾಣುವುದಿಲ್ಲ.

ಲೋರ್ನಾ ಎದ್ದಳು. ಟಿವಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದಳು.

“ಏಯ್, ನಂಗೆ ಕಾಣಲ್ಲ,” ಎಂದ ಡೀನ್.

“ಸುಮ್ನಿರು,” ಎಂದಳು ಅಮ್ಮ.

ಲೋರ್ನಾ ತೋಳಿನಿಂದ ಗಾಜಿನ ಹಬೆ ಒರೆಸಿದಳು. ಕಿಟಕಿಯನ್ನು ಹೊರಕ್ಕೆ ತಳ್ಳಿ, ಟಿವಿಯ ದನಿ ಜೋರು ಮಾಡಿದಳು. ಈಗ ಅವಳ ಎದುರಿಗೆ ಇದ್ದದ್ದು ಟಿವಿಯ ಕಪ್ಪು ಬೆನ್ನು, ನಾಲ್ಕು ತಿರುಪು, ಅದರಾಚೆ ಮಳೆಯಲ್ಲಿ ಅಪ್ಪನ ಮುಖ.

ಕಸ್ಟರ್ಡ್‌ನ ಸುದ್ದಿ ಕೇಳಿಸಿತು. ಅಪ್ಪ ನಕ್ಕ. ನಗುವಾಗ ಕೋಲು ಅಲ್ಲಾಡಿ ದನಿ ಗೊರಗೊರ ಎಂದಿತು. ಅವನು ತುಟಿ ಬಿಗಿಹಿಡಿದು ನಗು ನುಂಗಿದ. ಕಾಲುಚೀಲ ಯಾರದೆಂದು ಅವನಿಗೆ ಗೊತ್ತಾಯಿತೆಂದು ಕಾಣುತ್ತದೆ, ಹುಬ್ಬು ಮೇಲೆ ಹೋಯಿತು. ಆಮೇಲೆ ವರದಿಗಾರರ ಪ್ರಶ್ನೆ ಬಂತು, ಲೋರ್ನಾಳ ದನಿ ಬಂತು. ಟಿವಿಯಲ್ಲಿ ಅದು ತೆಳ್ಳಗೆ, ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಪೆಟ್ಟಿಗೆ ನಮ್ಮಪ್ಪ ಕೊಟ್ಟಿದ್ದು. ಅವರು ಎಂಥ ಟಿವಿ ಬೇಕಾದ್ರೂ ರಿಪೇರಿ ಮಾಡ್ತಾರೆ. ಇದೊಂದು ಆಗಲಿಲ್ಲ. ಬೇಜಾರಾಗಿತ್ತು ಅವರಿಗೆ. ಈಗ ಇದು ಚೆನ್ನಾಗಿ ಓಡ್ತಿದೆ ಅಂತ ಅವರಿಗೆ ಹೇಳ್ಬೇಕು.”

ಅಪ್ಪನ ನಗು ನಿಂತುಹೋಯಿತು. ಅವನ ತೋಳುಗಳು ನಡುಗುತ್ತಿದ್ದವು. ಕೋಲು ಮಾತ್ರ ಒಂದಿಷ್ಟೂ ಕದಲಲಿಲ್ಲ. ಮಳೆ ಕಣ್ಣಿಗೆ ಬೀಳುತ್ತಿದ್ದರೂ ಅವನು ರೆಪ್ಪೆ ಹೊಡೆಯದೆ ನೋಡುತ್ತಿದ್ದ.

ಸುದ್ದಿ ಮುಗಿದು ಸಂಗೀತ ಬಂತು. ಅದೂ ಮುಗಿದು ಜಾಹೀರಾತು ಬಂತು. ಆದರೂ ಅಪ್ಪ ಹಾಗೇ ನಿಂತಿದ್ದ. “ಸಾಕು ಇಳೀರಿ, ನ್ಯುಮೋನಿಯಾ ಆಗುತ್ತೆ,” ಎಂದು ಅಮ್ಮ ಕೂಗಿದ ಮೇಲೆ ಬಕೆಟ್‌ನಿಂದ ಇಳಿದ.

ಒಳಗೆ ಬಂದವನ ಬೂಟಿನಿಂದ ನೀರು ಸುರಿಯುತ್ತಿತ್ತು. ಮಿಸೆಸ್ ಪ್ಯೂ ತಾನೇ ಕೆಟಲ್‌ಗೆ ನೀರು ತುಂಬಿಸಿ ಒಲೆ ಹಚ್ಚಿದಳು. ಅಪ್ಪ ಟವೆಲಿನಲ್ಲಿ ತುಂಬ ಹೊತ್ತು ಮುಖ ಒರೆಸಿಕೊಂಡ. ಆಮೇಲೆ ಲೋರ್ನಾಳ ಪಕ್ಕ ಬಂದು ಕೂತ. ಸೀಟೆಲ್ಲ ಒದ್ದೆಯಾಯಿತು.

“ಅವತ್ತು ನಾನು ಬರಬೇಕಿತ್ತು,” ಎಂದ ಅಪ್ಪ.

“ಹ್ಞೂಂ,” ಎಂದಳು ಲೋರ್ನಾ.

“ಬರಲಿಲ್ಲ.”

“ಹ್ಞೂಂ.”

ಕೆಟಲ್ ಸದ್ದು ಮಾಡತೊಡಗಿತು. ಲೋರ್ನಾಗೆ ಗೆಳತಿಯರ ನೆನಪಾಯಿತು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಗೆಳತಿಯರೆಲ್ಲ ಮುತ್ತಿಕೊಳ್ಳುತ್ತಾರೆ. ನನ್ನ ಜಡೆ ಹೇಗೆ ಕಾಣಿಸ್ತು, ನನ್ನ ಮುಖ ನೋಡಿದೆಯಾ ಎಂದೆಲ್ಲ ಕೇಳುತ್ತಾರೆ. ಅವಳಿಗೆ ಒಂದಕ್ಕೂ ಉತ್ತರ ಗೊತ್ತಿರುವುದಿಲ್ಲ.

ಅಪ್ಪನಿಗೆ ಅದು ಆಗಷ್ಟೇ ಹೊಳೆದಂತಿತ್ತು. ಅವನು ಟವೆಲ್ ಕೆಳಗಿಟ್ಟು, “ಅಲ್ಲ ಕಣೇ, ಟಿವಿ ಆ ಕಡೆ ತಿರುಗಿಸಿದೆಯಲ್ಲ, ನೀನು ನೋಡಿದೆಯಾ?” ಎಂದು ಕೇಳಿದ.

ಲೋರ್ನಾ ಅವನ ಮುಖ ನೋಡಿದಳು. ಹುಬ್ಬಿನ ತುದಿಯಲ್ಲಿ ಇನ್ನೂ ಒಂದು ಹನಿ ಉಳಿದಿತ್ತು.

“ನೋಡಿದೆ ಅಪ್ಪಾ,” ಎಂದಳು. “ಪೂರ್ತಿ ನೋಡಿದೆ.”