ಬಸರಾದಿಂದ ಬಂದ ಬೀಜ

ಸಣ್ಣಿ ಕಿತ್ತ ಹುಲ್ಲಿನ ಬುಡದಲ್ಲಿ ಏನೋ ನೇತಾಡುತ್ತಿತ್ತು. ಮಣ್ಣು ಒರೆಸಿ ನೋಡಿದಳು. ಖರ್ಜೂರದ ಬೀಜ!

"ಅಯ್ಯೋ!" ಎಂದಳು. ಕೈಯಲ್ಲಿದ್ದದ್ದು ಹುಲ್ಲಲ್ಲ, ಅಪ್ಪ ಊರಿಸಿ ಹೋದ ಖರ್ಜೂರದ ಬೀಜದ ಸಸಿ.

"ಎಂತ ಆತು ಹೆಣ್ಣೆ?" ಅಂಗಳದ ಆ ಕಡೆ ಹುಲ್ಲು ಕೀಳುತ್ತಿದ್ದ ಅಬ್ಬೆ ಬಂಗಾರಿ ತಲೆ ಎತ್ತಿ ಕೇಳಿದಳು.

"ಎಂತ ಇಲ್ಲ. ಇರುವೆ ಕಚ್ತು."

ಮಳೆಗಾಲ ಮುಗಿದಿತ್ತು. ದೀಪಾವಳಿಗೆ ಮೊದಲು ಅಂಗಳದ ಹುಲ್ಲು ಕಿತ್ತು ಸಗಣಿ ಸಾರಿಸಬೇಕು. ಸವತೆಯೋ ಹೀರೆಯೋ ಮೊಳೆತರೆ ಎರಡು ದುಂಡನೆಯ ಎಲೆ ಬಿಡುವುದನ್ನು ಸಣ್ಣಿ ನೋಡಿದ್ದಳು. ಖರ್ಜೂರವೂ ಹಾಗೇ ಅಂದುಕೊಂಡು ದಿನಾ ಎರಡು ಎಲೆಗಾಗಿ ಕಾದಿದ್ದಳು. ಅದು ಹುಲ್ಲಿನ ಹಾಗೆ ಒಂದೇ ಒಂದು ಗರಿಯಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಅವರ ಊರು ತದಡಿಯಲ್ಲಿ ಖರ್ಜೂರ ತಿಂದವರಿದ್ದರು, ಬೆಳೆದವರಿರಲಿಲ್ಲ.

ಅಪ್ಪ ಹಮ್ಮನಿಗೆ ಬೀಜದ ಹುಚ್ಚು. ಅವನು ಮಚ್ವೆಯ ಖಲಾಸಿ. ಮಚ್ವೆ ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿ, ಖಲಾಸಿ ಎಂದರೆ ಅದರ ನಾವಿಕ. ಅದರಲ್ಲಿ ಹೆಂಚು ತುಂಬಿಕೊಂಡು ಸಮುದ್ರದಾಚೆಯ ಬಸರಾ, ಮೊಂಬಾಸಾವರೆಗೂ ಹೋಗುತ್ತಿದ್ದರು. ಉಳಿದ ಖಲಾಸಿಗಳು ಅತ್ತರು, ಬಣ್ಣದ ರುಮಾಲು ತಂದರೆ ಹಮ್ಮ ಪಂಚೆಯ ತುದಿಯಲ್ಲಿ ಬೀಜ ಗಂಟು ಹಾಕಿಕೊಂಡು ಬರುತ್ತಿದ್ದ. ಅವರ ಮನೆಯ ಮಾಡಿನ ಮೇಲೆ ಹಬ್ಬಿದ ಕುಂಬಳಕ್ಕೆ ಕೇರಿಯವರು ಮೊಂಬಾಸಾ ಎಂದೇ ಹೆಸರಿಟ್ಟಿದ್ದರು.

"ಬಂಗಾರಿ, ಇವತ್ತೂ ಮೊಂಬಾಸಾ ಪಲ್ಯವೇಯಾ?" ಎಂದು ಹೆಂಗಸರು ನಗುತ್ತಿದ್ದರು. ನಕ್ಕವರೇ ಬೀಜ ಕೇಳಿಕೊಂಡೂ ಹೋಗುತ್ತಿದ್ದರು.

ಚೌತಿ ಕಳೆದು ಮಚ್ವೆ ಹೊರಡುವ ದಿನ ಅಪ್ಪ ಬಸರಾದ ಖರ್ಜೂರದ ಬೀಜವನ್ನು ಸಣ್ಣಿಯ ಕೈಯಿಂದಲೇ ಊರಿಸಿದ್ದ. "ಚೆಂದ ಮಾಡಿ ನೋಡ್ಕೊ ಹೆಣ್ಣೆ. ಇದು ಗಿಡ ಆಗೂದ್ರೊಳಗೆ ನಾ ಬರ್ತೆ" ಎಂದಿದ್ದ.

ಈಗ ಆ ಸಸಿ ಅವಳ ಕೈಯಲ್ಲಿತ್ತು.

ಸಣ್ಣಿ ಅದನ್ನು ಬಚ್ಚಲ ಹಿಂದೆ ಒಯ್ದು ಮತ್ತೆ ನೆಟ್ಟಳು. ಹೊತ್ತು ಹೊತ್ತಿಗೆ ನೀರು ಹನಿಸಿದಳು. ಆದರೂ ಗರಿ ಹಳದಿಯಾಯಿತು, ಒಣಗಿತು, ಒಂದು ದಿನ ಗಾಳಿಗೆ ಮುರಿದು ಬಿತ್ತು.

"ಆ ಬೀಜ ಮೊಳೀತೇನೆ?" ಅಬ್ಬೆ ಆಗಾಗ ಕೇಳುತ್ತಿದ್ದಳು.

"ಇನ್ನೂ ಇಲ್ಲ."

ಹಾಗೆ ಹೇಳಿದಾಗಲೆಲ್ಲ ಸಣ್ಣಿ ಬಚ್ಚಲ ಹಿಂದೆ ಹೋಗಿ ಆ ಜಾಗ ನೋಡಿ ಬರುತ್ತಿದ್ದಳು. ಗಿಡ ಆಗುವುದರೊಳಗೆ ಬರುತ್ತೇನೆ ಅಂದಿದ್ದ ಅಪ್ಪ. ಗಿಡವೇ ಸತ್ತರೆ ಅವನು ಹೇಗೆ ಬಂದಾನು? ಈ ಪ್ರಶ್ನೆಯನ್ನು ಯಾರ ಹತ್ತಿರ ಕೇಳುವುದು?

ಬೇಸಿಗೆ ಬಂತು. ಹೋದ ಮಚ್ವೆಗಳು ಒಂದೊಂದಾಗಿ, ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಒಳಗೆ ಬಂದವು. ಅಪ್ಪನ ಮಚ್ವೆ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಸಣ್ಣಿಯ ಜೊತೆ ಓದುವ ಪಾಂಡು, ಇನ್ನೊಂದು ಮಚ್ವೆಯ ಖಲಾಸಿಯ ಮಗ, ಶಾಲೆಗೆ ಓಡಿ ಬಂದ. "ನಮ್ಮಪ್ಪ ಬಂದ! ನಿನ್ನೆ ಸಂಜೆಗೇ ಬಂದ!" ಅವನ ಚೀಲದ ತುಂಬ ಖರ್ಜೂರ. ಅದು ಯುದ್ಧದ ಕಾಲ. ಸಕ್ಕರೆಗೆ ರೇಶನ್, ಬೆಲ್ಲಕ್ಕೂ ಪರದಾಟ. ಮಕ್ಕಳು ನೊಣದ ಹಾಗೆ ಅವನನ್ನು ಮುತ್ತಿಕೊಂಡರು. ಪಾಂಡು ಒಬ್ಬೊಬ್ಬರಿಗೆ ಒಂದೊಂದೇ ಎಣಿಸಿ ಕೊಟ್ಟ. ಸಣ್ಣಿಯ ಹತ್ತಿರ ಬಂದವನು ಎರಡು ಕೊಟ್ಟ.

"ನಂಗ್ಯಾಕೆ ಎರಡು?" ಸಣ್ಣಿ ಕೇಳಿದಳು.

ಪಾಂಡು ನೆಲ ನೋಡಿದ. "ನಿಮ್ಮಪ್ಪನ ಮಚ್ವೆ ಬಸರಾಕ್ಕೆ ಮುಟ್ಲೇ ಇಲ್ಲವಂತೆ. ದೊಡ್ಡ ಗಾಳಿ ಬಂದಿತ್ತಂತೆ... ನಮ್ಮಪ್ಪ ಈಗ ನಿಮ್ಮನೆಗೇ ಹೋಗಿದ್ದ. ಹೇಳೂಕೆ."

ಸಣ್ಣಿ ಸ್ಲೇಟು ಬಿಟ್ಟು ಎದ್ದಳು. ಮಾಸ್ತರು ಕರೆದದ್ದು ಅವಳಿಗೆ ಕೇಳಿಸಲಿಲ್ಲ.

ಮನೆಯ ಜಗಲಿಯ ತುಂಬ ಜನ. ಇಡೀ ದಿನ ಕೇರಿಯ ಹೆಂಗಸರು ಬಂದರು, ಅತ್ತರು, ಅಬ್ಬೆಯ ಬೆನ್ನು ಸವರಿದರು. ಸಂಜೆಗೆ ಎಲ್ಲರೂ ಎದ್ದು ಹೋದ ಮೇಲೆ ಇಬ್ಬರೇ ಉಳಿದರು. ಒಲೆ ಹಚ್ಚಿರಲಿಲ್ಲ. ಅಬ್ಬೆ ಗೋಡೆಗೆ ಒರಗಿ ಕೂತಿದ್ದಳು.

ಸಣ್ಣಿಗೆ ಇನ್ನು ತಡೆಯಲಾಗಲಿಲ್ಲ. "ಅಬ್ಬೆ, ನನ್ನಿಂದ್ಲೇ ಆದದ್ದು. ಖರ್ಜೂರದ ಸಸಿ ಬಂದಿತ್ತು. ನಾನೇ ಹುಲ್ಲು ಅಂತ ಕಿತ್ತೆ. ಹೇಳೂಕೆ ಹೆದರ್ಕೆ ಆತು. ಅದ್ಕೇ ಅಪ್ಪ ಬರ್ಲಿಲ್ಲ."

ಅಬ್ಬೆ ಬೈಯುತ್ತಾಳೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ಅಬ್ಬೆಯ ದನಿ ಬಂತು, ಎಲ್ಲೋ ದೂರದಿಂದ ಬಂದ ಹಾಗೆ.

"ನಿನ್ನಿಂದ ಅಲ್ಲ ಮಗಾ. ನನ್ನಿಂದ. ಪಯಣ ಹೋದವ್ರು ಕಣ್ಣಿಗೆ ಮರೆ ಆಗೂವರೆಗೆ ಕಸ ಗುಡಸೂಕಾಗ, ಗುಡಸಿದ್ರೆ ಅವ್ರು ತಿರ್ಗಿ ಬರೂದಿಲ್ಲ ಅಂತ ನನ್ನ ಅಬ್ಬೆ ಎಷ್ಟು ಸಲ ಹೇಳಿತ್ತು. ಅವತ್ತು ಚೌತಿಯ ಹೂವು, ಎಲೆ ಬಿದ್ದಿತ್ತು. ನಾ ಯೋಚ್ನೆ ಮಾಡದೆ ಗುಡಸಿಬಿಟ್ಟೆ. ಅಂವ ಇನ್ನೂ ಬೇಲಿಯ ದಣಪೆ ದಾಟಿರ್ಲಿಲ್ಲ. ಅವನ ಹೆಜ್ಜೆ ನಾನೇ ಗುಡಸಿ ಹಾಕ್ದೆ."

ಸಣ್ಣಿ ಕಣ್ಣು ಬಿಟ್ಟು ನೋಡಿದಳು. ಅಷ್ಟು ತಿಂಗಳು ಅನ್ನ ಬಡಿಸುವಾಗ, ತಲೆ ಬಾಚುವಾಗ, ಅಬ್ಬೆಯೂ ಇಂಥದ್ದೊಂದನ್ನು ಒಳಗೇ ಇಟ್ಟುಕೊಂಡಿದ್ದಳೇ? ಅಷ್ಟು ದೊಡ್ಡವಳು! ಸಣ್ಣಿಗೆ ಅವಳ ಮೇಲೆ ತುಂಬಾ ಕನಿಕರವಾಯಿತು. ಸ್ವಲ್ಪ ಸಿಟ್ಟೂ ಬಂತು.

"ಕಸ ಗುಡಸಿದ್ರೆ ಮಚ್ವೆ ಮುಳಗ್ತದ್ಯಾ ಅಬ್ಬೆ? ಸಮುದ್ರ ಎಲ್ಲಿ, ನಮ್ಮ ಅಂಗಳ ಎಲ್ಲಿ! ಗಾಳಿ ಬಂತು, ಮುಳಗ್ತು. ನಿಂದು ಎಂತ ತಪ್ಪು?"

ಅಂದ ಮಾತು ಅವಳಿಗೇ ಕೇಳಿಸಿತು. ಸಸಿ ಕಿತ್ತದ್ದಕ್ಕೂ ಅದೇ ಲೆಕ್ಕವಲ್ಲವೇ?

"ಹೌದಾ ಮಗಾ?" ಎಂದಳು ಅಬ್ಬೆ, ತಾನೇ ಚಿಕ್ಕವಳಾದ ಹಾಗೆ.

"ಹೌದು," ಎಂದಳು ಸಣ್ಣಿ. ಮತ್ತೆ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ, ಇನ್ನೊಮ್ಮೆ "ಹೌದು" ಎಂದಳು.

ಇಷ್ಟು ದಿನ ಅವಳು ಹೆದರಿದ್ದಳು. ಹೆದರಿಕೆಯಲ್ಲಿ ಅಪ್ಪನನ್ನು ಸರಿಯಾಗಿ ನೆನೆಯಲೂ ಆಗಿರಲಿಲ್ಲ. ಈಗ ಅವನ ನಗು ನೆನಪಾಯಿತು, ಹೆಗಲ ಮೇಲೆ ಕೂರಿಸಿಕೊಂಡು ಅಳಿವೆಯ ತನಕ ನಡೆಯುತ್ತಿದ್ದದ್ದು ನೆನಪಾಯಿತು. ಸಣ್ಣಿ ಅಬ್ಬೆಯ ಮಡಿಲಲ್ಲಿ ಮುಖ ಇಟ್ಟು, ಮೊದಲ ಸಲ, ಅಪ್ಪನಿಗಾಗಿ ಅತ್ತಳು.