ಬುಧವಾರ ಮಾತ್ರ ಕನ್ನಡಕ ತೆಗೆಯುವವನು

"ಅಯ್ಯೋ, ಸಾರಿ ಸರ್! ನೋಡ್ಲಿಲ್ಲ!"

ಹೀಗಂತ ಅವನು ಕ್ಷಮೆ ಕೇಳಿದ್ದು ಮನುಷ್ಯರನ್ನಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ಗಡ್ಡದ ಪ್ಲಾಸ್ಟರ್ ಗೊಂಬೆಯನ್ನು! ತಡವಾಗಿ ಓಡಿ ಬಂದವನು ಅದಕ್ಕೆ ಡಿಕ್ಕಿ ಹೊಡೆದು, ಬೀಳದ ಹಾಗೆ ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಅದರ ಭುಜ ಬೇರೆ ಒರೆಸಿದ.

ಮುಂದಿನ ಬೆಂಚಿನಲ್ಲಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಮಾಮೂಲಾಗಿ ನಗು ಬರುವ ಮೊದಲೇ ಅವಳ ಕೈ ಬಾಯಿಗೆ ಬಂದಿರುತ್ತಿತ್ತು. ಅವತ್ತು ಕೈಗೆ ಮರೆತೇ ಹೋಯಿತು. ಬಾಯ್ತುಂಬಾ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವನು ಗೊಂಬೆಯನ್ನು ತಬ್ಬಿಕೊಂಡೇ ಅವಳನ್ನು ನೋಡುತ್ತಾ ನಿಂತುಬಿಟ್ಟ. ದಪ್ಪ ಕನ್ನಡಕದ ಹಿಂದೆ ಕಣ್ಣು ಅರಳಿದ್ದವು.

"ಒಂದ್ನಿಮಿಷ ರೀ... ಆ ಮೇಲಿನ ಕೋರೆಹಲ್ಲು, ಪಕ್ಕದ್ದರ ಮೇಲೆ ಹತ್ತಿ ಕೂತಿದೆಯಲ್ಲ, ಅದು..."

ಅವಳ ನಗು ಅಲ್ಲೇ ನಿಂತಿತು. ಕೈ ಬಾಯಿಗೆ ಬಂತು. ಮುಖ ಕೆಂಪಾಯಿತು.

"ನನ್ನ ಹಲ್ಲು ನೋಡ್ಬೇಡಿ!"

ಇಡೀ ಕ್ಲಾಸು ತಿರುಗಿ ನೋಡಿತು. ಅವನು ಕಕ್ಕಾಬಿಕ್ಕಿಯಾಗಿ ನಾಲಿಗೆ ಕಚ್ಚಿಕೊಂಡ.

ಪಾಪ, ಅವನದೂ ತಪ್ಪಲ್ಲ. ಓದುತ್ತಿದ್ದದ್ದು ದಂತವೈದ್ಯಕೀಯ, ಅದೂ ಕೊನೆಯ ವರ್ಷ. ಯಾರು ಬಾಯಿ ತೆರೆದರೂ ಅವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕಲೆ ಮತ್ತು ಮಾನವಿಕ ವಿಷಯಗಳ ಪರಿಚಯ ತರಗತಿ ಕಾಲೇಜಿನಲ್ಲಿ, ಯಾವ ಕೋರ್ಸಿನವರಿರಲಿ, ಎಲ್ಲರಿಗೂ ಕಡ್ಡಾಯ. ಮೊದಲ ವರ್ಷ ಮುಗಿಸಬೇಕಾದ್ದನ್ನು 'ಆಮೇಲೆ ನೋಡಿಕೊಳ್ಳೋಣ' ಅಂತ ಮುಂದೂಡಿ ಮುಂದೂಡಿ, ಈಗ ಚಿಕ್ಕವರ ನಡುವೆ ಬಂದು ಕೂತಿದ್ದ. ಸಂಜೆಯೊಳಗೆ 'ಹಲ್ಲು ಡಾಕ್ಟ್ರು' ಅಂತ ಹೆಸರೂ ಬಿತ್ತು.

ಇನ್ನು ಅವಳು... ಕನ್ನಡಕದ ಅಂಗಡಿಯವರ ಒಬ್ಬಳೇ ಮಗಳು. ಪಿಯುಸಿ ಆದಮೇಲೆ ಅಪ್ಪನ ಅಂಗಡಿಯಲ್ಲೇ ಕೂತಿದ್ದು, ಹಟ ಮಾಡಿ ಈಗ ಕಾಲೇಜಿಗೆ ಸೇರಿದ್ದಳು. ಆ ಹಲ್ಲೇ ಅವಳ ಪಾಲಿನ ದೊಡ್ಡ ದುಃಖ. "ಹುಡುಗಿ ಲಕ್ಷಣವಾಗಿದ್ದಾಳೆ, ಆದ್ರೆ ಆ ಹಲ್ಲೊಂದು..." ಅಂತ ಸೋದರತ್ತೆ ರಾಗ ಎಳೆದಾಗಿನಿಂದ ಬಾಯಿ ಮುಚ್ಚದೆ ನಕ್ಕವಳೇ ಅಲ್ಲ. ನಕ್ಕದ್ದು ಅವತ್ತೊಂದೇ ದಿನ. ಆಗಲೇ ಇವನ ಕಣ್ಣಿಗೆ ಬೀಳಬೇಕೆ!

ಪಾಠ ಮಾಡುವ ಮೇಡಂ ಬೆಳ್ಳಿಕೂದಲಿನವರು, ಮಾತು ಖಡಕ್ಕು. ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿ, "ಏನು ಕಾಣ್ತು?" ಅಂದರು.

"ಚೆನ್ನಾಗಿದೆ ಮೇಡಂ," ಅಂದ ಹಲ್ಲು ಡಾಕ್ಟ್ರು.

"ಚೆನ್ನಾಗಿದೆ ಅನ್ನೋದು ನೆಂಟರ ಮನೆಯಲ್ಲಿ ಊಟ ಮಾಡಿದ್ಮೇಲೆ. ಇಲ್ಲಿ ಏನು ಕಾಣ್ತು ಅಂತ ಹೇಳಿ."

ಆ ಚಿತ್ರದ ಮುಂದೆ ಇಡೀ ಗಂಟೆ ಕೂರಿಸಿದರು. ಅವಳಿಗೆ ಮಾತ್ರ ಗಂಟೆ ಹೋದದ್ದೇ ತಿಳಿಯಲಿಲ್ಲ. ಕಿಟಕಿಯ ಬೆಳಕು, ಮುದುಕಿಯ ಕೈ, ಮೇಜಿನ ಮೇಲಿನ ಖಾಲಿ ಬಟ್ಟಲು... ಇದನ್ನೆಲ್ಲ ನೋಡುವುದೂ ಓದೇ? ಅಯ್ಯೋ, ಮೊದಲೇ ಗೊತ್ತಿದ್ದರೆ ಮೊದಲೇ ಬರುತ್ತಿದ್ದೆನಲ್ಲ!

ಬುಧವಾರ ಮಾತ್ರ ಬೇರೆ ಥರ. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರನ್ನೊಬ್ಬರು ಬಿಡಿಸಬೇಕು. ಕಣ್ಣು ಎದುರಿನವರ ಮುಖದ ಮೇಲೇ ಇರಬೇಕು, ಹಾಳೆ ನೋಡುವಂತಿಲ್ಲ. ಪೆನ್ಸಿಲ್ ಎತ್ತುವಂತಿಲ್ಲ. ಮುಗಿದ ಹಾಳೆ ಯಾರಿಗೂ ತೋರಿಸದೆ ಮೇಡಂ ಕಪಾಟಿಗೆ. ಕೊನೆಯ ದಿನ ಎಲ್ಲವೂ ಒಟ್ಟಿಗೆ ಗೋಡೆಗೆ. ಜೋಡಿ ಬದಲಾಗುವುದಿಲ್ಲ.

ಅವಳಿಗೆ ಜೋಡಿಯಾಗಿ ಸಿಕ್ಕಿದ್ದು ಯಾರು ಹೇಳಿ? ಅವನೇ!

ಮೊದಲ ಬುಧವಾರ ಅವಳು ತುಟಿ ಬಿಗಿ ಹಿಡಿದು, ಪೊಲೀಸರ ಮುಂದೆ ಕೂತವಳ ಹಾಗೆ ಕೂತಳು. ಅವನು ಅವಳನ್ನೊಮ್ಮೆ ನೋಡಿದ. ಏನೋ ಯೋಚಿಸಿದ. ಮೆಲ್ಲಗೆ ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟ.

ಅವಳು ಆ ಜೇಬನ್ನೇ ನೋಡಿದಳು.

ಬೇರೆ ಯಾರಿಗಾದರೂ ಅದರ ಅರ್ಥ ತಿಳಿಯುತ್ತಿರಲಿಲ್ಲ. ಆದರೆ ಇವಳು ಅಂಗಡಿಯಲ್ಲಿ ಬೆಳೆದವಳು. ಆ ಗಾಜಿನ ಅಂಚಿನ ದಪ್ಪ ನೋಡಿದರೆ ಸಾಕು, ಪವರ್ ಎಷ್ಟು ಅಂತ ಹೇಳಬಲ್ಲಳು. ಅದಿಲ್ಲದಿದ್ದರೆ ಮೇಜಿನ ಆಚೆಗಿರುವ ಮುಖ ಅವನಿಗೆ ಬರೀ ಮಂಜು!

ಅಂದರೆ... ನನ್ನ ಮುಖ ನೋಡೋಕೇ ಇಷ್ಟ ಇಲ್ಲ ಇವನಿಗೆ.

ಮುಂದಿನ ಬುಧವಾರವೂ ಅದೇ. ಅದರ ಮುಂದಿನದೂ ಅದೇ.

ಮಿಕ್ಕ ದಿನಗಳಲ್ಲಿ ಅವನಷ್ಟು ಒಳ್ಳೆಯವನು ಇನ್ನೊಬ್ಬನಿರಲಿಲ್ಲ. ಅದೇ ಕಷ್ಟ! ಹಳೆಯ ನಾಟಕ ಓದುವಾಗ ರಾಜನ ಪಾತ್ರಕ್ಕೆ ಎದ್ದು ನಿಂತು, ಸಾಯುವ ದೃಶ್ಯದಲ್ಲಿ ಬೆಂಚಿನಿಂದ ನಿಜವಾಗಿಯೂ ಉರುಳಿಬಿದ್ದ. ಮೇಡಂ ಎಲ್ಲರ ಕಣ್ಣು ಮುಚ್ಚಿಸಿ ಸಂಗೀತ ಕೇಳಿಸಿದ ದಿನ ಅವನ ಕೆನ್ನೆ ಒದ್ದೆಯಾಗಿತ್ತು. "ಡ್ರಿಲ್ ಸದ್ದು ಕೇಳಿ ಕೇಳಿ ಕಿವಿ ಸತ್ತೇಹೋಗಿದೆ ಅಂದ್ಕೊಂಡಿದ್ದೆ ರೀ," ಅಂದ ನಾಚಿಕೊಂಡು. ಕ್ಯಾಂಟೀನಿನಲ್ಲಿ ಅವಳು ಚಿತ್ರಗಳ ಬಗ್ಗೆ ಮಾತಾಡುತ್ತಿದ್ದರೆ ಚಹಾ ಆರಿಹೋಗುವವರೆಗೆ ಕೇಳುತ್ತಿದ್ದ.

ಆಗೆಲ್ಲ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಆಗ ಅವಳ ಕೈಯೂ ಬಾಯಿಯ ಮೇಲೇ ಇರುತ್ತಿತ್ತು.

'ಬಾಯಿ ಮುಚ್ಕೊಂಡಿದ್ರೆ ನೋಡ್ತಾನೆ. ಕೈ ತೆಗೆದು ಎದುರು ಕೂತ್ರೆ ಕನ್ನಡಕ ತೆಗೀತಾನೆ. ಇನ್ನೇನು ಬಿಡಿಸಿ ಹೇಳ್ಬೇಕಾ?'

ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಹೌದು, ಪೂರ್ತಿ ಮನಸ್ಸಾಗಿತ್ತು! ಅದಕ್ಕೇ ಅಷ್ಟು ನೋಯುತ್ತಿತ್ತು.

ಕೊನೆಗೊಂದು ದಿನ ತೀರ್ಮಾನ ಮಾಡಿಬಿಟ್ಟಳು.

"ಅಪ್ಪಾ, ಈ ಹಲ್ಲು ಕೀಳಿಸ್ತೀನಿ. ಶುಕ್ರವಾರ ಮಧ್ಯಾಹ್ನ ಬನ್ನಿ ಅಂದಿದ್ದಾರೆ ಕ್ಲಿನಿಕ್ಕಲ್ಲಿ."

ಫ್ರೇಮ್ ಒರೆಸುತ್ತಿದ್ದ ಅಪ್ಪನ ಕೈ ನಿಂತಿತು. "ನೋವಿದೆಯಾ ಪುಟ್ಟಿ?"

"ಇಲ್ಲ. ಚೆನ್ನಾಗಿಲ್ಲ."

ಅಪ್ಪನ ಬಾಯಲ್ಲೂ ಅದೇ ಜಾಗದಲ್ಲಿ ಅದೇ ಹಲ್ಲು. ಅವರು ನಕ್ಕರೆ ಬೀದಿ ಕೊನೆಯ ಬೇಕರಿಯವನಿಗೂ ಗೊತ್ತಾಗುತ್ತಿತ್ತು. ಅವರು ಕನ್ನಡಿಯತ್ತ ತಿರುಗಿ, ತುಟಿ ಎತ್ತಿ ನೋಡಿಕೊಂಡರು.

"ನಿಮ್ಮಮ್ಮ ಇದನ್ನ ನೋಡೇ ನನ್ನ ಒಪ್ಪಿದ್ದು ಕಣೇ. ಬೇಕಿದ್ರೆ ಒಳಗೆ ಹೋಗಿ ಕೇಳು."

"ಅಮ್ಮಂಗೆ ಅವತ್ತು ಕಣ್ಣು ಸರಿಯಿರಲಿಲ್ಲ ಅನ್ಸುತ್ತೆ!"

ಅಪ್ಪ ಬಿದ್ದು ಬಿದ್ದು ನಕ್ಕರು. ಆದರೆ ಮಗಳು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿ, "ನಿನ್ನ ಇಷ್ಟ ಪುಟ್ಟಿ," ಅಂತಷ್ಟೇ ಹೇಳಿದರು.

ಶುಕ್ರವಾರವೇ ತರಗತಿಯ ಕೊನೆಯ ದಿನ. ಬೆಳಿಗ್ಗೆ ಗೋಡೆಗೆ ಚಿತ್ರಗಳು, ಮಧ್ಯಾಹ್ನ ಕ್ಲಿನಿಕ್ಕು.

ಅವಳು ಒಳಗೆ ಬರುವಷ್ಟರಲ್ಲಿ ಗೋಡೆಯ ಮುಂದೆ ಗುಂಪು ಕಟ್ಟಿ ನಗುತ್ತಿದ್ದರು. ಬೆಂಚಿನ ಗೆಳತಿ ಓಡಿಬಂದು ಕೈಹಿಡಿದೆಳೆದಳು. "ಬಾರೇ, ಹಲ್ಲು ಡಾಕ್ಟ್ರು ನಿನ್ನ ಏನು ಮಾಡಿದ್ದಾರೆ ನೋಡು!"

ಸಾಲಾಗಿ ಅವಳೇ. ಒಂದರಲ್ಲಿ ಮೂಗು ಕಿವಿಯ ಹತ್ತಿರ, ಇನ್ನೊಂದರಲ್ಲಿ ಒಂದು ಕಣ್ಣು ಹಣೆಯಲ್ಲಿ, ಮತ್ತೊಂದರಲ್ಲಿ ಜಡೆ ಗಲ್ಲದಿಂದ ಹೊರಟಿತ್ತು. ಹಾಳೆ ನೋಡದೆ ಬಿಡಿಸಿದರೆ ಇನ್ನೇನಾಗುತ್ತೆ? ಆದರೆ ಪ್ರತಿಯೊಂದರಲ್ಲೂ ಬಾಯ್ತುಂಬಾ ನಗು. ಪ್ರತಿ ನಗುವಿನಲ್ಲೂ, ಪಕ್ಕದ್ದರ ಮೇಲೆ ಹತ್ತಿ ಕೂತ ಆ ಹಲ್ಲು!

ಅವಳ ಕಣ್ಣು ತುಂಬಿತು. ಪಕ್ಕದಲ್ಲೇ ಅವನು ನಿಂತಿದ್ದ.

"ಇಷ್ಟು ಜನರ ಮುಂದೆ... ತಮಾಷೆ ಮಾಡೋಕೆ ನಾನೇ ಸಿಕ್ಕಿದ್ನಾ?"

"ತಮಾಷೆನಾ? ಅಲ್ಲ ರೀ, ನಾನು..."

"ಮಾತಾಡ್ಬೇಡಿ."

"ಎಲ್ಲ ಕೂತ್ಕೊಳ್ಳಿ," ಮೇಡಂ ದನಿ ಬಂತು. "ನಿಮ್ಮನ್ನ ಬಿಡಿಸಿದ ಚಿತ್ರದ ಮುಂದೆ ನಿಂತು, ಏನು ಕಾಣ್ತು ಅಂತ ಹೇಳಬೇಕು. ಇದೇ ಕೊನೆಯ ಪರೀಕ್ಷೆ." ಅವರ ಬೆರಳು ನೇರ ಅವಳತ್ತ ತಿರುಗಿತು. "ನೀನು ಬಾಮ್ಮ."

ಅವಳು ಹೋಗಿ ನಿಂತಳು. ಬೇಗ ಏನೋ ಹೇಳಿ ಓಡಿಬಿಡೋಣ ಅನ್ನಿಸಿತು. ಆದರೆ ಇಷ್ಟು ದಿನ ಕಲಿತ ಅಭ್ಯಾಸ ಬಿಡಬೇಕಲ್ಲ! ಕಣ್ಣು ತಾನಾಗೇ ನೋಡತೊಡಗಿತು.

"ಹುಡುಗಿ ನಗ್ತಿದ್ದಾಳೆ," ಅಂದಳು ಮೆಲ್ಲಗೆ. "ಎಲ್ಲದರಲ್ಲೂ ನಗ್ತಿದ್ದಾಳೆ. ಆದ್ರೆ... ನಾನು ಒಂದು ಬುಧವಾರನೂ ನಕ್ಕಿಲ್ಲ."

ಅವಳು ಪಕ್ಕದ ಚಿತ್ರದ ಹತ್ತಿರ ಸರಿದಳು.

"ಬಾಯೇ ಬಿಟ್ಟಿಲ್ಲ ನಾನು. ಇವರು ಕನ್ನಡಕನೂ ಹಾಕಿರಲಿಲ್ಲ. ಆ ಪವರ್‌ಗೆ, ಅಷ್ಟು ದೂರಕ್ಕೆ, ನನ್ನ ಹಲ್ಲಿರಲಿ, ಮೂಗೂ ಕಾಣಲ್ಲ ಇವರಿಗೆ!" ಅವಳು ತಿರುಗಿ ಅವನನ್ನು ನೋಡಿದಳು. "ಮತ್ತೆ ಈ ನಗು... ಎಲ್ಲಿಂದ ಬಂತು?"

ಬಾಗಿಲ ಪಕ್ಕದ ಬೆಂಚಿನಿಂದ ಅವನು ಎದ್ದು ನಿಂತ. ಕೈ ಎಲ್ಲಿಡುವುದು ಅಂತ ತಿಳಿಯದೆ ಪ್ಲಾಸ್ಟರ್ ಗೊಂಬೆಯ ತಲೆ ಮೇಲಿಟ್ಟ.

"ಮೊದಲ ದಿನದ್ದು."

"ಆಂ?"

"ಇವರಿಗೆ ಡಿಕ್ಕಿ ಹೊಡೆದಾಗ ನಕ್ರಲ್ಲ, ಅದೇ ನಗು. ಅವತ್ತಿಂದ ಕಣ್ಣಲ್ಲೇ ಇದೆ. ಬೇರೆ ಏನು ಬಿಡಿಸೋಕೆ ಹೋದ್ರೂ ಅದೇ ಬರುತ್ತೆ. ನಾನೇನು ಮಾಡ್ಲಿ?"

"ಮತ್ತೆ ಕನ್ನಡಕ ಯಾಕೆ ತೆಗೀತಿದ್ರಿ?"

"ಹಲ್ಲು ನೋಡ್ಬೇಡಿ ಅಂದ್ರಲ್ಲ," ಅಂದ ಅವನು ಮಗುವಿನ ಹಾಗೆ. "ಎದುರು ಕೂತಾಗ ನೋಡದೆ ಇರೋಕೆ ನನ್ನ ಕೈಲಾಗ್ತಿರಲಿಲ್ಲ. ನಿಮಗೆ ಮುಜುಗರ ಆಗಬಾರದು ಅಂತ... ತೆಗೆದೆ."

ಅಯ್ಯೋ ದೇವರೇ! ಇಷ್ಟು ದಿನ ಇವಳು ಅತ್ತದ್ದೆಲ್ಲ ಇದಕ್ಕಾ?

"ಇವತ್ತು ಮಧ್ಯಾಹ್ನ ಅದನ್ನ ಕೀಳಿಸೋಕೆ ಹೊರಟಿದ್ದೆ," ಅಂದಳು.

"ಏನು?!" ಅವನು ಗೊಂಬೆ ಬೀಳುವಷ್ಟು ಜೋರಾಗಿ ಕೂಗಿದ. "ಕೋರೆಹಲ್ಲನ್ನಾ? ಗಟ್ಟಿಮುಟ್ಟಾಗಿರೋ ಹಲ್ಲು ರೀ ಅದು! ಯಾವನವನು ಡಾಕ್ಟ್ರು? ನಂಬರ್ ಕೊಡಿ, ನಾನು ಮಾತಾಡ್ತೀನಿ!"

ಕ್ಲಾಸು ಹೋ ಅಂತ ನಕ್ಕಿತು. ಮೇಡಂ ಕೂಡ ಮುಖ ಆಚೆ ತಿರುಗಿಸಿಕೊಂಡು, "ಇಬ್ಬರೂ ಪಾಸು. ಮಿಕ್ಕದ್ದು ಹೊರಗೆ ಹೋಗಿ ಮಾತಾಡಿ," ಅಂದರು.

ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿತ್ತು. ಅವಳು ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಿ, ಬರುವುದಿಲ್ಲ ಅಂದಳು. ಆಮೇಲೆ ಅವನ ಪಕ್ಕ ಕೂತಳು.

"ಆ ದಿನ ಮಾತು ಪೂರ್ತಿ ಮಾಡೋಕೆ ಬಿಡಲಿಲ್ಲ ನಾನು. 'ಪಕ್ಕದ್ದರ ಮೇಲೆ ಹತ್ತಿ ಕೂತಿದೆಯಲ್ಲ, ಅದು...' ಅದು ಏನು?"

ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸುತ್ತಾ ಹೇಳಿದ. "ಅದು ಎಷ್ಟು ಮುದ್ದಾಗಿದೆ ಅಂತ ಹೇಳ್ತಿದ್ದೆ. ಅವತ್ತೇ ಇಷ್ಟ ಆಗಿಬಿಟ್ರಿ ರೀ. ಹೇಳೋ ಧೈರ್ಯ ಆಗಲಿಲ್ಲ."

"ನನಗೂ ಆಗಲಿಲ್ಲ," ಅಂದಳು ಅವಳು. "ಹೇಳೋ ಧೈರ್ಯ. ಇಷ್ಟ ಮಾತ್ರ ಆಗಿತ್ತು."

ಅವಳು ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ಅಂಗಡಿಯಲ್ಲಿ ಮಾಡುವ ಹಾಗೆ ಕಡ್ಡಿಗಳನ್ನು ಬಿಡಿಸಿ, ಅವನ ಕಿವಿಗೆ ಸಿಕ್ಕಿಸಿದಳು. ಸಡಿಲವಾಗಿತ್ತು, ಮೂಗಿನ ಮೇಲೆ ಸರಿಮಾಡಿದಳು. ಇಳಿಯುತ್ತಿದ್ದ ಆ ಕೈಯನ್ನು ಅವನು ಮೆಲ್ಲಗೆ ಹಿಡಿದುಕೊಂಡ.

"ಹಾಕ್ಕೊಂಡ್ರೆ ಹಲ್ಲು ಕಾಣುತ್ತೆ," ಅಂದ ಅವನು ಪಿಸುದನಿಯಲ್ಲಿ.

"ಕಾಣಲಿ."

ಅವಳು ನಕ್ಕಳು. ಅವಳ ಕೈ ಅವನ ಕೈಯಲ್ಲೇ ಇತ್ತು.