ತಡಸದ ಕಾಡುರಬ್ಬರ್ ಸಸಿಗಳು

1964ರ ಮೇ 18, ಸೋಮವಾರ ಬೆಳಿಗ್ಗೆ ಶಿಗ್ಗಾಂವಿ ಠಾಣೆಗೆ ಒಂದು ವಿಚಿತ್ರ ಫಿರ್ಯಾದು ಬಂತು. ತಂದವರು ಶ್ರೀಪಾದ, ತಡಸದ ಬಳಿಯ ಸರ್ಕಾರಿ ರಬ್ಬರ್ ಪ್ರಯೋಗ ತೋಟದ ಅಧಿಕಾರಿ. ಭಾನುವಾರದ ರಜೆಯಲ್ಲಿ ತೋಟದಿಂದ ನಲವತ್ತು ಸಸಿಗಳು ಕಳುವಾಗಿದ್ದವು.

"ಕಿಮ್ಮತ್ತು ಎಷ್ಟ್ರಿ?" ಫೌಜದಾರ ಬಂದೇಸಾಬ ಕೇಳಿದರು.

"ಏನೂ ಇಲ್ರಿ. ಈ ವಾರ ಕಡಿದು ಸುಡಾವ್ರಿದ್ವಿ."

"ಸುಡೂ ಸಸಿ ಹೋದ್ರ ಕೆಲಸ ಹಗುರಾತಲ್ರಿ?"

"ಸುಟ್ಟೀವಿ ಅಂತ ಮ್ಯಾಲಿನವ್ರಿಗೆ ವರದಿ ಕೊಡಬೇಕಲ್ರಿ ಸಾಹೇಬ್ರ. ಇಲ್ಲದ ಸಸಿ ಹ್ಯಾಂಗ ಸುಡ್ಲಿ?"

ಸರ್ಕಾರದ ಕಷ್ಟ ಸರ್ಕಾರಕ್ಕೇ ಗೊತ್ತು. ಬಂದೇಸಾಬ ನಗು ನುಂಗಿಕೊಂಡು ಕಲಂ 379ರಡಿ ಎಫ್‌ಐಆರ್ ದಾಖಲಿಸಿ, ಪೇದೆ ಬೀರಪ್ಪನೊಂದಿಗೆ ತಡಸಕ್ಕೆ ಹೊರಟರು.

ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ನಡೆಯಿತು. ತೋಟದ ತುಂಬ ಕಸಿ ಮಾಡಿದ ಸಸಿಗಳಿದ್ದವು. ಅವೆಲ್ಲ ಒಂದೇ ತಾಯಿಮರದ ಚಿಗುರುಗಣ್ಣು ಕೂಡಿಸಿ ಬೆಳೆಸಿದವು, ಬೆಲೆಬಾಳುವವು. ಅವುಗಳಲ್ಲಿ ಒಂದನ್ನೂ ಕಳ್ಳ ಮುಟ್ಟಿರಲಿಲ್ಲ. ಹೋದದ್ದು ಮೂಲೆಯ ಮಡಿಯಲ್ಲಿ ಕಾಡುಮರಗಳ ಬೀಜದಿಂದ ಎದ್ದ ಎರಡು ವರ್ಷದ ಸಸಿಗಳು ಮಾತ್ರ. ಅವುಗಳ ತಲೆ ಸವರಿ, ಬೇರಿಗೆ ಮಣ್ಣಿನ ಹೆಂಟೆ ಉಳಿಸಿ ಅಗೆದಿದ್ದರು. ಸವರಿ ಅಲ್ಲೇ ಬಿಟ್ಟಿದ್ದ ತುದಿಗಳ ಹಾಲು ಒಣಗಿ ಎಳೆಯಾಗಿ ಜೋತುಬಿದ್ದಿತ್ತು. ಕಳ್ಳನಿಗೆ ಕಸುಬು ಗೊತ್ತಿತ್ತು.

ಬೀರಪ್ಪ ಒಂದು ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತವನು ಏಳಲೇ ಇಲ್ಲ.

"ಸಾಹೇಬ್ರ, ಇಲ್ನೋಡ್ರಿ. ಅರಿಷಿಣ ಹಚ್ಚಿದ ಅಕ್ಕಿ. ಎಲ್ಲಾ ಗುಂಡ್ಯಾಗೂ ಐದೈದು ಕಾಳು ಅದಾವು."

"ಮಾಟ ಏನೋ?"

"ಅಲ್ರಿ. ಮಗಳನ್ನ ಗಂಡನ ಮನಿಗೆ ಕಳಸುವಾಗ ಉಡಿ ತುಂಬ್ತಾರಲ್ರಿ, ಅದರಾಗಿಂದ ಆಕಿ ತವರಿಗೆ ನಾಕು ಕಾಳು ಬಿಟ್ಟು ಹೊಕ್ಕಾಳ. ಇವು ತವರಿಗೆ ಬಿಟ್ಟ ಅಕ್ಕಿರಿ."

ಬಂದೇಸಾಬ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಮಾರುವವನು ಉಡಿ ತುಂಬುವುದಿಲ್ಲ, ಉರುವಲಿಗೆ ಒಯ್ಯುವವನು ಬೇರಿಗೆ ಮಣ್ಣು ಉಳಿಸುವುದಿಲ್ಲ. ಅವರು ಶ್ರೀಪಾದರ ಕಡೆ ತಿರುಗಿದರು.

"ಈ ಸಸಿ ಕಡೀಬ್ಯಾಡ್ರಿ ಅಂತ ಯಾರರ ಅಂದಿದ್ರೇನು?"

ಶ್ರೀಪಾದರು ತಡವರಿಸಿದರು. "ನಮ್ಮ ಸಹಾಯಕಿ ಮನೋರಮಾಬಾಯಿ. ಸವಣೂರಿನವ್ರು, ಧಾರವಾಡದಾಗ ಸಸ್ಯಶಾಸ್ತ್ರ ಓದ್ಯಾರ. ಇವತ್ತ ರಜಾ ಹಾಕ್ಯಾರ್ರಿ."

"ಯಾಕ ಬ್ಯಾಡಂದ್ರು?"

"ಹೋದ ಮಳಿಗಾಲ ರೋಗ ಬಂದು ಕಸಿ ಸಸಿಗಳ ಎಲಿ ಎಲ್ಲಾ ಉದುರಿದ್ವು. ಈ ಕಾಡು ಸಸಿಯೊಳಗ ಕೆಲವು ಹಸರಾಗೇ ನಿಂತಿದ್ವು. ಆದ್ರ ಇವು ಹಾಲು ಕಡಿಮಿ ಕೊಡೂ ಜಾತಿ, ಜಾಗಾ ಖಾಲಿ ಮಾಡ್ರಿ ಅಂತ ಹುಕುಂ ಬಂತು."

ತಡಸದ ನಾಕೆಯಲ್ಲಿ ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುವ ಹುಚ್ಚಪ್ಪ ಏನನ್ನೂ ಮುಚ್ಚಿಡಲಿಲ್ಲ. "ಹಾನಗಲ್ಲಿಗೆ ಬಾಡಿಗಿ ಹೋಗಿದ್ನಿರಿ. ಸಸಿಗೆ ಹಸಿ ಗೋಣಿ ಸುತ್ತಿದ್ರು. ಬಾಯಿಯವ್ರು ಗಾಡಿ ಹತ್ತಲಿಲ್ರಿ, ನೀರು ಚಿಮುಕಿಸಿಕೋತ ನಡದ ಬಂದ್ರು. ಸರ್ಕಾರದ ಕೆಲಸ ಅನ್ಕೊಂಡೆ."

ಮಂಗಳವಾರ ಹಾನಗಲ್ಲಿನ ಕೆರೆಯ ಕೆಳಗೆ, ಮನೋರಮಾ ಅವರ ಸೋದರತ್ತೆ ತುಳಸಾಬಾಯಿಯ ಹೊಲದ ಬದುವಿನಲ್ಲಿ ನಲವತ್ತೂ ಸಸಿಗಳು ಸಿಕ್ಕವು. ಮನೋರಮಾ ಕೊಡ ಹಿಡಿದು ನಿಂತಿದ್ದರು. ಮೂವತ್ತರ ಆಸುಪಾಸಿನ ಹೆಂಗಸು, ಕೈಯೆಲ್ಲ ಬೊಬ್ಬೆ.

"ನೀವ ಒಯ್ದೀರೇನ್ರಿ?" ಬಂದೇಸಾಬ ಕೇಳಿದರು.

"ಹೌದ್ರಿ, ನಾನಽ."

"ಯಾಕ?"

"ಕಸಿ ಸಸಿ ಎಲ್ಲಾ ಒಂದಽ ಮೈ, ಒಂದಽ ರಕ್ತ. ಒಂದಕ್ಕ ಬಂದ ರೋಗ ಎಲ್ಲಾದಕ್ಕೂ ಬರ್ತದ. ಇವು ನಲವತ್ತೂ ಬ್ಯಾರೆ ಬ್ಯಾರೆ. ಮುಂದ ತೋಟಾನ ಹೋದ್ರ ಯಾವುದರಿಂದ ಎಬ್ಬಸ್ತೀರಿ?"

"ಇಷ್ಟು ಓದಿದವ್ರು, ಉಡಿ ಯಾಕ ತುಂಬಿದ್ರಿ? ಅದರಿಂದಽ ಸಿಕ್ಕಿರಿ ನೋಡ್ರಿ."

"ಬೀಜ ನೆನಸಿ, ಮೊಳಕಿ ಬರಿಸಿ ನಾನಽ ಬೆಳಸಿದವು. ಬರಿಗೈಲೆ ಹ್ಯಾಂಗ ಕಳಸ್ಲಿ?"

ಕಳುವಾದ ಮಾಲು, ಅಂದರೆ ಮುದ್ದೆಮಾಲು, ಜಪ್ತಿ ಮಾಡಬೇಕು. ಬೀರಪ್ಪ ಬಗ್ಗಿ ಒಂದು ಸಸಿಗೆ ಕೈ ಹಾಕಿದ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಮನೋರಮಾ ಕೊಡ ಕೆಳಗೆ ಬಿಟ್ಟು ಅವನ ಕೈ ಹಿಡಿದೇಬಿಟ್ಟರು.

"ಬ್ಯಾಡಪ್ಪಾ. ಈ ಬಿಸಲಾಗ ಇನ್ನೊಮ್ಮೆ ಕಿತ್ತರ ಸಾಯ್ತಾವ. ನನ್ನ ಕರಕೊಂಡು ಹೋಗ್ರಿ, ಅವನ್ನ ಬಿಡ್ರಿ."

ಬಂದೇಸಾಬ ಬೀರಪ್ಪನಿಗೆ ಕೈ ತೆಗೆಯುವಂತೆ ಸನ್ನೆ ಮಾಡಿದರು. ಆದರೆ ಕಳವು ಕಳವೇ. ಅವರು ಹಾನಗಲ್ಲಿನ ಇಬ್ಬರು ಪಂಚರನ್ನು ಕರೆಸಿ, ಸಸಿಗಳನ್ನು ನಿಂತಲ್ಲೇ ಜಪ್ತಿ ಮಾಡಿ, ತೀರ್ಪು ಬರುವವರೆಗೆ ನೀರುಣಿಸಿ ಕಾಯಬೇಕೆಂದು ಬರೆಸಿ ತುಳಸಾಬಾಯಿಯ ಜಿಮ್ಮಾಕ್ಕೆ ಒಪ್ಪಿಸಿದರು. ಆ ಮುದುಕಿ ಸಹಿ ಹಾಕುತ್ತ, "ನನ್ನ ಹೊಲದಾಗಿನ ಗಿಡಕ್ಕ ನಾನಽ ಕಾವಲು" ಎಂದು ಗೊಣಗಿದಳು.

"ಸಾಹೇಬ್ರ," ಮನೋರಮಾ ಕೇಳಿದರು, "ಕೇಸು ಮುಗಿಯೂತನಾ ಇವನ್ನ ಯಾರೂ ಕಡಿಯೂಹಂಗಿಲ್ಲೇನು?"

"ಕಡಿದವ್ರ ಮ್ಯಾಲೆ ಬ್ಯಾರೆ ಕೇಸ್ ಆಕ್ಕೈತ್ರಿ."

ಮನೋರಮಾ ಕೈ ತೊಳೆದುಕೊಂಡು ತಾವೇ ಮುಂದಾಗಿ ಜೀಪಿನ ಕಡೆ ನಡೆದರು. ಸಂಜೆ ದಸ್ತಗಿರಿ ದಾಖಲಾಯಿತು. ಅವರ ನೌಕರಿ ಅಮಾನತಾಯಿತು. ಕದ್ದು ಗಳಿಸಿದ್ದು ಏನೂ ಇರಲಿಲ್ಲ. ತಾವು ಸಾಕಿದ್ದನ್ನು ತಮ್ಮ ಕೈಯಿಂದಲೇ ಸುಡುವುದು ಅವರಿಂದ ಆಗಲಿಲ್ಲ, ಅಷ್ಟೇ.

ಕೋರ್ಟಿನ ಮೊದಲ ತಾರೀಖಿನ ದಿನ ವಕೀಲರು ಬುದ್ಧಿ ಹೇಳಿದರು. ತಪ್ಪು ಒಪ್ಪಿಕೊಂಡರೆ ಸಣ್ಣ ದಂಡದಲ್ಲಿ ಇವತ್ತೇ ಮುಗಿಯುತ್ತದೆ, ಕೈಕಾಲು ಹಿಡಿದರೆ ನೌಕರಿಯೂ ಉಳಿದೀತು ಎಂದರು. ಹೊಲದಲ್ಲಿ ಕೇಳಿದ ತಕ್ಷಣ ಎಲ್ಲವನ್ನೂ ಒಪ್ಪಿಕೊಂಡಿದ್ದ ಹೆಂಗಸು ಈಗ ಒಲ್ಲೆನೆಂದು ತಲೆ ಅಲ್ಲಾಡಿಸಿದರು.

"ಕದ್ದಿಲ್ಲ ಅಂತ ಬರೀರಿ ವಕೀಲ್ರ," ಎಂದರು ಮನೋರಮಾ. "ಕೇಸು ನಡೀಲಿ. ಇನ್ನೆರಡು ಮಳಿಗಾಲರ ಸಸಿ ಬೇರು ಹಿಡೀಲಿ."